ಗಾಡಿ ನಿಲ್ಲಿಸುವ ಕಣ್ಣು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ತಲೆಗೆ ಹಚ್ಚಿಕೊಳ್ಳಲೆಂದು ಔಡಲೆಣ್ಣೆಯ ಬಟ್ಟಲನ್ನು ಒಲೆಯ ಮೇಲೆ ಬೆಚ್ಚಗಾಗಲು ಇಟ್ಟಿದ್ದಳು. ಒಂದು ಹನಿ ಜಾರಿ ಉರಿಗೆ ಬಿತ್ತು, ಸಣ್ಣಗೆ ಹೊಗೆ ಎದ್ದಿತು. ಸುಟ್ಟ ಔಡಲೆಣ್ಣೆಗೆ, ನೀವು ಹರಳೆಣ್ಣೆ ಅನ್ನಬಹುದು, ಒಂದು ಬಗೆಯ ಸಿಹಿಮಿಶ್ರಿತ ಕಮಟು ವಾಸನೆ ಇರುತ್ತದೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ನನ್ನ ಮೂಗಿಗೆ ಅದು ಬಂದದ್ದೇ ತಡ, ಹೊಟ್ಟೆ ಉರಿಯಲು ಹತ್ತಿತು. ಹಸಿವೆ ಅಲ್ಲ, ಸ್ವಾಮಿ. ಹೊಟ್ಟೆಕಿಚ್ಚು. ವಾಸನೆಯಿಂದ ಜನರಿಗೆ ಅಜ್ಜಿಯ ನೆನಪಾಗುತ್ತದಂತೆ, ಮೊದಲ ಮಳೆಯ ನೆನಪಾಗುತ್ತದಂತೆ. ನನಗೆ ಔಡಲೆಣ್ಣೆ ಸುಟ್ಟರೆ ಖಾಜಾನ ಗಾಡಿಯ ನೆನಪಾಗುತ್ತದೆ.

ಖಾಜಾ ನನ್ನ ಜೊತೆ ಸಾಲಿ ಕಲಿತ ಗೆಳೆಯ. ಕೊಪ್ಪಳದಲ್ಲಿ ಅವನದು ಗಾದಿಯ ಅಂಗಡಿ, ಹಿಂದಿನ ಓಣಿಯಲ್ಲಿ ನನ್ನದು ಬಣ್ಣದ ಅಂಗಡಿ. ಗಾಡಿ ಎಂದರೆ ನಾವು ಕೂತು ತಿರುಗಾಡುವ ಗಾಡಿ ಅಲ್ಲ. ಮೊಳದಷ್ಟು ಉದ್ದದ, ದಪ್ಪ ಗಾಲಿಗಳ, ದೂರ ನಿಂತು ರಿಮೋಟಿನಿಂದ ಓಡಿಸುವ ಟ್ರಕ್ಕು. ಬ್ಯಾಟರಿಯಿಂದ ಓಡುವ ಆಟದ ಸಾಮಾನೆಂದು ತಿಳಿದೀರಿ, ಹಾಗೆ ಅನ್ನಿಸಿಕೊಂಡರೆ ನಮಗೆ ಸಿಟ್ಟು ಬರುತ್ತದೆ. ಅದರೊಳಗೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ನಿಜವಾದ ಎಂಜಿನ್ ಇರುತ್ತದೆ. ಅದು ಕುಡಿಯುವುದು ಪೆಟ್ರೋಲನ್ನಲ್ಲ, ನೈಟ್ರೊ ಎಂಬ ಒಂದು ಘಾಟು ಇಂಧನವನ್ನು. ಸ್ಪಿರಿಟ್ಟಿನ ಜಾತಿಯದು, ಅದರಲ್ಲಿ ಔಡಲೆಣ್ಣೆ ಬೆರೆತಿರುತ್ತದೆ. ಹಗ್ಗ ಎಳೆದು ಚಾಲೂ ಮಾಡಿದರೆ ಊರೆಲ್ಲ ತಿರುಗಿ ನೋಡುವ ಹಾಗೆ ಕಿರುಚುತ್ತದೆ, ನೀಲಿ ಹೊಗೆ ಬಿಡುತ್ತದೆ. ನಮ್ಮ ಮಾವನವರು ಮೊದಲ ಸಲ ಇದನ್ನು ಕಂಡಾಗ, ಕಿನ್ನಾಳದವರು ಕಟ್ಟಿಗೆಯ ಗೊಂಬೆ ಬಿಟ್ಟು ಈಗ ಇದನ್ನು ಮಾಡಲು ಹತ್ತಿದರೇನು ಎಂದು ಕೇಳಿದ್ದರು. ಅವರ ಮಗಳನ್ನು ಕಟ್ಟಿಕೊಂಡವನು ನಲವತ್ತು ದಾಟಿದ ಮೇಲೆ ಇಂಥದ್ದನ್ನು ತಂದಿದ್ದಾನೆಂಬ ಚಿಂತೆ ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಒಂದು ಮಾತು ಇಲ್ಲಿಯೇ ಸ್ಪಷ್ಟವಾಗಲಿ. ಕೊಪ್ಪಳಕ್ಕೆ ಈ ಗಾಡಿಯನ್ನು ಮೊದಲು ತಂದವನು ನಾನು. ಮೊಬೈಲಿನಲ್ಲಿ ಯಾರೋ ಓಡಿಸುವುದನ್ನು ನೋಡಿ ಹುಚ್ಚು ಹತ್ತಿ, ಹೈದರಾಬಾದಿನಿಂದ ಪಾರ್ಸಲ್ ತರಿಸಿದವನು ನಾನು. ಅಂಗಡಿಯಲ್ಲಿ ಡಬ್ಬಿ ಬಿಚ್ಚುವಾಗ ಖಾಜಾ ಬಂದು ಎದುರಿಗೆ ಕುಳಿತಿದ್ದ. ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿದ. ಎದ್ದು ಹೋಗಿ ಅವನೂ ಒಂದು ತರಿಸಿಕೊಂಡ. ಅದೇ ನಮೂನೆಯದು, ಅದೇ ಕೆಂಪು ಬಣ್ಣದ್ದು. ಅಲ್ಲಿಗೂ ನಾನು ದೊಡ್ಡ ಮನಸ್ಸು ಮಾಡಿ ಸಹಿಸಿಕೊಂಡಿದ್ದೆ. ಸಹಿಸಲು ಆಗದೆ ಹೋದದ್ದು ಏನೆಂದರೆ, ನನ್ನ ಗಾಡಿ ಓಡಲಿಲ್ಲ, ಅವನದು ಓಡಿತು.

ಓಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಓಡುತ್ತಿತ್ತು, ನಿಲ್ಲುತ್ತಿತ್ತು. ಹಗ್ಗ ಎಳೆದು ಎಳೆದು ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಹೊಸ ಎಂಜಿನ್ ಹೊಸ ಸೊಸೆಯ ಹಾಗೆ, ಮೊದಮೊದಲು ಜೋರು ಮಾಡಬಾರದು. ಒಂದಿಷ್ಟು ಇಂಧನ ಹೆಚ್ಚೇ ಕುಡಿಸಿ, ಮೆಲ್ಲಗೆ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಬೇಕು. ಖಾಜಾ ಇದನ್ನು ಮಾಡಿದ. ಗಾದಿಯ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಗಿರಾಕಿಗಳಿಗೆ ಅರಳೆಯ ಭಾವ ಹೇಳುತ್ತ ಹೇಳುತ್ತಲೇ, ಗಾಡಿಯನ್ನು ಗರಗರ ಎನ್ನಿಸಿ ಆರಿಸಿ ಮತ್ತೆ ಎಬ್ಬಿಸಿ, ವಾರವೆಲ್ಲ ಅದನ್ನೇ ಮಾಡಿದ. ನಾನು ಮೊದಲ ದಿನವೇ ರಸ್ತೆಗಿಳಿಸಿ ಪೂರ್ತಿ ಬಿಟ್ಟೆ. ಬಂದು ನಿಂತು ನೋಡಿದವರೆಲ್ಲ ಶಹಬ್ಬಾಸ್ ಎಂದರು. ಮರುದಿನದಿಂದ ಅದರ ಎದೆ ಸಡಿಲಾಯಿತು.

ಇನ್ನು ಸ್ಕ್ರೂ ತಿರುಗಿಸುವ ವಿಷಯ. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಎಂಜಿನ್ನಿನ ಮಗ್ಗುಲಲ್ಲಿ ಒಂದು ಸಣ್ಣ ಸೂಜಿ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಳಗೆ ಹೋಗುವ ಇಂಧನ ಕಡಿಮೆಯಾಗುತ್ತದೆ. ಆಗ ಹೊಗೆ ತೆಳುವಾಗಿ, ದನಿ ಏರಿ, ಗಾಡಿ ಬಾಣದಂತೆ ಓಡುತ್ತದೆ. ನೋಡಲು ಬಹಳ ಚಂದ. ಆದರೆ ಇಂಧನದ ಜೊತೆಗೆ ಎಣ್ಣೆಯೂ ಕಡಿಮೆಯಾಗಿ ಎಂಜಿನ್ ಕಾದು, ಸ್ವಲ್ಪ ಹೊತ್ತಿನಲ್ಲೇ ಗಪ್ಪೆಂದು ನಿಂತುಬಿಡುತ್ತದೆ. ಸಡಿಲ ಬಿಟ್ಟರೆ ಹೊಗೆ ದಟ್ಟವಾಗಿ, ಗಾಡಿ ತುಸು ಸೋಮಾರಿಯಾಗಿ, ಆದರೆ ತಣ್ಣಗೆ ಓಡುತ್ತದೆ. ನಡುವೆ ಎಲ್ಲೋ ಒಂದು ಸರಿಯಾದ ಜಾಗವಿದೆ. ಚಳಿಗಾಲದ ಬೆಳಗಿಗೆ ಆ ಜಾಗ ಒಂದು, ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಇನ್ನೊಂದು. ಖಾಜಾ ಬೆರಳನ್ನು ನೀರಿನಲ್ಲಿ ಅದ್ದಿ ಎಂಜಿನ್ನಿನ ನೆತ್ತಿಗೆ ಒಂದು ಹನಿ ಚಿಮುಕಿಸುತ್ತಿದ್ದ. ನಮ್ಮ ಹೆಂಗಸರು ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವುದೂ ಹೀಗೆಯೇ. ಹನಿ ಮೆಲ್ಲಗೆ ಚುಂಯ್ ಎಂದು ಆರಿದರೆ ಸರಿ, ಬಿದ್ದೊಡನೆ ಹಾರಿಹೋದರೆ ಸ್ಕ್ರೂ ಬಿಗಿಯಾಗಿದೆ ಎಂದರ್ಥ. ಇದನ್ನು ಅವನಿಗೆ ಹೇಳಿಕೊಟ್ಟದ್ದೂ ನಾನೇ, ಎಲ್ಲೋ ಓದಿ. ಹೇಳಿಕೊಟ್ಟವನ ಗಾಡಿ ನಿಲ್ಲುತ್ತಿತ್ತು, ಹೇಳಿಸಿಕೊಂಡವನದು ಓಡುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನಾದೀತು?

ಖಂಡೇಪೂಜೆಯ ಸಂಗತಿ ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಆ ದಿನ ನಮ್ಮ ಕಡೆ ಮನೆಯ ಕಬ್ಬಿಣಕ್ಕೆಲ್ಲ ಪೂಜೆ. ಕುಡಗೋಲಿನಿಂದ ಹಿಡಿದು ತಕ್ಕಡಿಯವರೆಗೆ, ಅಂಗಡಿಯಲ್ಲಿ ಬಣ್ಣ ಕಲಸುವ ಯಂತ್ರದವರೆಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತೇವೆ. ನಾನು ಗಾಡಿಯನ್ನೂ ಇಟ್ಟೆ. ದೇವರ ಮುಂದೆ ಕೊಳೆ ಇರಬಾರದೆಂದು, ಗಾಳಿ ಒಳಹೋಗುವ ಬಾಯಿಗಿದ್ದ ಸ್ಪಂಜನ್ನು ಸೋಪು ಹಚ್ಚಿ ತೊಳೆದು ಒಣಗಿಸಿದ್ದೆ. ಆ ಸ್ಪಂಜು ಸದಾ ಎಣ್ಣೆಯಲ್ಲಿ ತೊಯ್ದಿರಬೇಕು, ಅಂದರೆ ಮಾತ್ರ ಧೂಳು ಅದಕ್ಕೆ ಅಂಟಿಕೊಂಡು ಒಳಗೆ ಹೋಗುವುದಿಲ್ಲ. ಭಕ್ತಿಯಲ್ಲಿ ಅದು ಮರೆತುಹೋಯಿತು. ಎಂಜಿನ್ನಿಗೆ ವಿಭೂತಿ ಬಳಿದೆ, ಮೇಲಿನಿಂದ ಕುಂಕುಮ, ಭಂಡಾರದ ಅರಿಶಿನಪುಡಿ ಧಾರಾಳವಾಗಿ ಏರಿಸಿದೆ. ಖಾಜಾನೂ ತನ್ನ ಗಾಡಿ ತಂದು ಸಾಲಿನಲ್ಲಿ ಇಟ್ಟಿದ್ದ, ಪ್ರತಿ ವರ್ಷ ಅವನ ಹೊಲಿಗೆ ಯಂತ್ರಕ್ಕೂ ನಮ್ಮಲ್ಲೇ ಆರತಿ ಆಗುತ್ತದೆ. ಆದರೆ ಅವನು ಸ್ಪಂಜಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದ.

"ಕುಂಕುಮ ಗಾಲಿಗೆ ಹಚ್ಚು ದೋಸ್ತ, ಮೂಗಿಗೆ ಹಚ್ಚಬ್ಯಾಡ" ಎಂದ.

ನನ್ನ ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡೇ ನಕ್ಕಳು. ಆ ನಗೆಯ ಸಿಟ್ಟಿಗೆ ನಾನು ಅವನ ಮಾತನ್ನು ಬೇಕೆಂದೇ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಗಾಡಿ ಚಾಲೂ ಮಾಡಿದಾಗ ಅರ್ಧ ಭಂಡಾರ ಎಂಜಿನ್ನಿನ ಹೊಟ್ಟೆ ಸೇರಿತು. ಒಳಗೆಲ್ಲ ಗೀರು ಬಿದ್ದು ದಮ್ಮು ಹೋಯಿತು. ಪೂಜೆ ಮಾಡಿಸಿಕೊಂಡ ಎಂಜಿನ್ ಸತ್ತಿತು, ಮೂಗು ಮುಚ್ಚಿಕೊಂಡದ್ದು ಬದುಕಿತು. ಹೊಸ ಪಿಸ್ಟನ್ನು ಹೈದರಾಬಾದಿನಿಂದ ಬರುವವರೆಗೆ ನಾನು ಪ್ರತಿ ಐತ್ವಾರ ಬರಿಗೈಯಲ್ಲಿ ಮೈದಾನಕ್ಕೆ ಹೋಗಿ ಅವನ ಗಾಡಿ ನೋಡುತ್ತ ನಿಲ್ಲಬೇಕಾಯಿತು.

ಮೈದಾನ ಎಂದೆನಲ್ಲ, ಅದು ಕುಷ್ಟಗಿ ರಸ್ತೆಯ ಮಗ್ಗುಲಿಗೆ ಬೀಳುಬಿದ್ದ ಒಂದು ಕೆಂಪು ಮಣ್ಣಿನ ಮಸಾರಿ ಹೊಲ. ಒಂದು ಬದಿಗೆ ಹಾಳಾದ ಇಟ್ಟಂಗಿ ಭಟ್ಟಿ, ಇನ್ನೊಂದು ಬದಿಗೆ ಜಾಲಿಯ ಪೊದೆ. ಆಗಾಗ ಗಂಗಾವತಿಯಿಂದ ಅಕ್ಕಿ ಗಿರಣಿಯವರೊಬ್ಬರು ತಮ್ಮ ಗಾಡಿ ಹಿಡಿದುಕೊಂಡು ಬರುತ್ತಿದ್ದರು. ಅವರು ಬಂದವರೇ ಖಾಜಾನ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಿದ್ದರು. ನನ್ನನ್ನು ಕಂಡರೆ, ಆರಾಮೇನ್ರಿ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಊರಿಗೆ ಮೊದಲ ಗಾಡಿ ತಂದವನು ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಖಾಜಾ ಹೇಳಬಹುದಿತ್ತು. ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು ಎರಡು ಸಲ ಮಾತ್ರ ಹೇಳಿದೆ.

ಇಷ್ಟು ವರ್ಷಗಳಲ್ಲಿ ಅವನ ಗಾಡಿಯನ್ನು ಒಮ್ಮೆಯಾದರೂ ಹೊಗಳಿದ್ದೀಯಾ ಎಂದು ನೀವು ಕೇಳಬಹುದು. ಹೊಗಳಿಲ್ಲ. ಹೊಗಳಲು ಬಾಯಿ ಏಳಬೇಕಲ್ಲ? ಅದು ಹೊಲವನ್ನು ಸುತ್ತಿ ಬಂದು ಅವನ ಕಾಲ ಬಳಿ ನಿಂತು ಗುರುಗುಟ್ಟುವಾಗ ಅವನು ನನ್ನ ಮುಖ ನೋಡುತ್ತಿದ್ದ. ನಾನು ದೂರದಲ್ಲಿ ಕಾಣುವ ಕೋಟೆಯ ಗುಡ್ಡವನ್ನು ನೋಡುತ್ತ, "ಇರ್ಲಿ, ಇನ್ನೊಂದೀಟು ಜೋರ ಬರಬೇಕಿತ್ತು" ಅನ್ನುತ್ತಿದ್ದೆ. ಪ್ರತಿ ಸಲವೂ ಅದೇ ಮಾತು. ಬೇರೆ ಕೊಂಕು ಹುಡುಕಲು ಆ ಗಾಡಿ ಜಾಗ ಕೊಡುತ್ತಿರಲಿಲ್ಲ.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ನಾನು ಹೊಲಕ್ಕೆ ಹೋದೊಡನೆ ಖಾಜಾನ ಗಾಡಿಯೂ ನಿಲ್ಲಲು ಹತ್ತಿತು. ನಾನಿಲ್ಲದ ವಾರ ಇಂಧನದ ಟಾಕಿ ಪೂರ್ತಿ ಖಾಲಿಯಾಗುವವರೆಗೆ ಓಡುತ್ತಿತ್ತಂತೆ. ನಾನು ಹೋಗಿ ನಿಂತರೆ ನಾಲ್ಕಾರು ಸುತ್ತು ಹಾಕಿ, ದನಿ ಏರಿಸಿ, ಗಪ್ಪೆಂದು ಸತ್ತುಹೋಗುತ್ತಿತ್ತು. ಮೊದಲ ಸಲ ನನಗಾದ ಸಂತೋಷವನ್ನು ಬಚ್ಚಿಡಲು ಕೆಮ್ಮಬೇಕಾಯಿತು. ಖಾಜಾ ಪ್ಲಗ್ಗು ಬದಲಿಸಿದ, ಇಂಧನದ ನಳಿಗೆ ಬದಲಿಸಿದ, ಗಾಳಿ ಸೋರುತ್ತದೆಯೇನೋ ಎಂದು ಸಂದುಗಳಿಗೆಲ್ಲ ಮೇಣದಂಥ ಅಂಟು ಮೆತ್ತಿದ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದು ಇಂಧನ ತೇವ ಹೀರಿದೆಯೇನೋ ಎಂದು ಹೊಸ ಡಬ್ಬಿಯನ್ನೇ ಒಡೆದ. ನಾನಿಲ್ಲದಾಗ ಎಲ್ಲ ಸರಿ, ನಾನು ಬಂದರೆ ಗಪ್ಪು.

ಇದನ್ನು ಅವನು ಮನೆಯಲ್ಲಿ ನಗುತ್ತ ಹೇಳಿದನಂತೆ. ಅವನ ತಾಯಿ ನಗಲಿಲ್ಲ. ನಾನೂ ಅಮ್ಮ ಎಂದೇ ಕರೆಯುವ ಅವರು ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಕಂಡವರು, ರಮಜಾನ್ ಹಬ್ಬಕ್ಕೆ ಶ್ಯಾವಿಗೆಯ ಸುರಕುಂಬಾ ಮೊದಲು ನನಗೇ ಬಡಿಸಿದವರು. ಒಂದು ಸಂಜೆ ಅಂಗಡಿಗೆ ಹೋದರೆ, ಗಾಡಿಯನ್ನು ಗಾದಿಯ ಮೇಲೆ ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ಪೂರ್ತಿ ಮುಗಿಸಿ, ಮೆಣಸಿನಕಾಯಿಯನ್ನು ಒಳಗಿನ ಒಲೆಗೆ ಹಾಕಿ ಬಂದು ಎದುರಿಗೆ ಕುಳಿತರು. ಘಾಟು ಬರಲೇ ಇಲ್ಲ ನೋಡು, ದೊಡ್ಡ ದೃಷ್ಟಿಯೇ ಇತ್ತು ಎಂದರು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು:

"ನೀ ಕೆಟ್ಟಾವಲ್ಲಪಾ, ಸಣ್ಣಾವಿದ್ದಾಗಿಂದ ನೋಡೀನಿ. ಆದ್ರ ನಿನ್ನ ನಜರ್ ಭಾಳ ಭಾರ ಐತಿ. ಐತ್ವಾರ ನೀ ಅಲ್ಲಿಗೆ ಹೋಗಬ್ಯಾಡ. ಹುಡುಗ ಭಾಳ ಬ್ಯಾಸರ ಮಾಡ್ಕೊಳ್ತಾನ."

ಹುಡುಗನಿಗೆ ನನ್ನಷ್ಟೇ ವಯಸ್ಸು, ತಲೆ ನನಗಿಂತ ಹೆಚ್ಚು ಬೆಳ್ಳಗಾಗಿದೆ. ಅವನು ಒಳಗೆ ಅರಳೆ ತುಂಬುತ್ತಿದ್ದ. ಕೇಳಿಸಿಕೊಂಡೂ ಹೊರಗೆ ಬರಲಿಲ್ಲ.

ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಹೆಮ್ಮೆಯೂ ಆಯಿತು. ನನ್ನ ಗಾಡಿಯನ್ನು ಓಡಿಸಲಾಗದ ನಾನು ಬರೀ ಕಣ್ಣಿನಿಂದ ಅವನದನ್ನು ನಿಲ್ಲಿಸುತ್ತಿದ್ದೇನೆ! ಕನ್ನಡಿಯ ಮುಂದೆ ನಿಂತು ಕಣ್ಣು ಹಿಗ್ಗಿಸಿ ನೋಡಿಕೊಂಡೆ. ಹೆಂಡತಿ, ಕಣ್ಣಿಗೆ ಏನಾಗೇತ್ರಿ ಎಂದಳು. ಏನಿಲ್ಲ ಎಂದೆ.

ಆದರೆ ಐತ್ವಾರ ಬಂದಾಗ ಹೆಮ್ಮೆ ಕರಗಿತು. ನಮ್ಮ ಐತ್ವಾರಗಳೆಂದರೆ ಗಾಡಿ ಮಾತ್ರ ಅಲ್ಲ. ಹೊಲದಿಂದ ಬರುವಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಒಂದು ಚಹಾವನ್ನು ಇಬ್ಬರು ಹಂಚಿಕೊಂಡು ಕುಡಿಯುವುದು, ಸಾಲಿಯ ಮಾಸ್ತರರನ್ನು ಅಣಕಿಸುವುದು. ಹುಡುಗರಾಗಿದ್ದಾಗಿನಿಂದ ನನಗಿರುವ ಗೆಳೆಯ ಅವನೊಬ್ಬನೇ. ಅಮ್ಮ ಹೇಳಿದ ಮೇಲೆ ಅವನು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಂದು ಐತ್ವಾರ ಅಂಗಡಿಯ ಡಬ್ಬಿಗಳನ್ನು ಒರೆಸಿದೆ. ಇನ್ನೊಂದು ಐತ್ವಾರ ಹೆಂಡತಿಯ ಜೊತೆ ಹುಲಿಗಿಗೆ ಹೋದೆ. ಹುಲಿಗೆಮ್ಮನ ಮುಂದೆ ಕೈ ಮುಗಿದು ನಿಂತಾಗಲೂ, ಈಗ ಗಂಗಾವತಿಯವರು ಅವನ ಹೆಗಲ ಮೇಲೆ ಕೈ ಹಾಕಿರಬಹುದು ಎಂದೇ ತಲೆಯಲ್ಲಿ ಓಡುತ್ತಿತ್ತು. ಗಾಡಿಯ ಮೇಲಿನ ಹೊಟ್ಟೆಕಿಚ್ಚು ಹೇಗೋ ಸಹಿಸಬಹುದಿತ್ತು. ನನ್ನ ಜಾಗದಲ್ಲಿ ಬೇರೆಯವನು ನಿಂತಿದ್ದಾನೆಂಬ ಹೊಟ್ಟೆಕಿಚ್ಚು ನನ್ನ ಕೈಯಲ್ಲಿ ಸಹಿಸಲಾಗಲಿಲ್ಲ.

ಹೋದ ಐತ್ವಾರ ಬೆಳಿಗ್ಗೆ ಬೈಕು ತೆಗೆದೆ. ಹೊಲಕ್ಕೆ ಹೋಗಲಿಲ್ಲ, ಅಮ್ಮನ ಮಾತು ಮೀರಬಾರದಲ್ಲ. ದೂರದಲ್ಲಿ ಬೈಕು ನಿಲ್ಲಿಸಿ ಇಟ್ಟಂಗಿ ಭಟ್ಟಿಯ ಹಿಂದೆ ಹೋಗಿ ನಿಂತೆ. ಅಲ್ಲಿ ಒಂದು ಗೋಡೆ ಬಿದ್ದು ಕಿಂಡಿಯಾಗಿತ್ತು. ಹೊಲದಲ್ಲಿ ಖಾಜಾ ಒಬ್ಬನೇ ಇದ್ದ. ಗಾಡಿ ಓಡುತ್ತಿತ್ತು. ನನ್ನ ಕಣ್ಣಿನ ಶಕ್ತಿ ಎಷ್ಟಿದೆ ನೋಡಿಯೇಬಿಡೋಣ ಎಂದು, ಇದ್ದ ಹೊಟ್ಟೆಕಿಚ್ಚನ್ನೆಲ್ಲ ಒಟ್ಟುಗೂಡಿಸಿ, ರೆಪ್ಪೆ ಬಡಿಯದೆ ಅದನ್ನೇ ದಿಟ್ಟಿಸಿದೆ.

ಅದು ನಿಲ್ಲಲಿಲ್ಲ. ಹಿಂದೆ ನೀಲಿ ಹೊಗೆಯ ಎಳೆ ಬಿಡುತ್ತ, ಕೆಂಪು ಮಣ್ಣು ಚಿಮ್ಮಿಸುತ್ತ, ಸುತ್ತಿನ ಮೇಲೆ ಸುತ್ತು ಹಾಕಿತು. ದಿಬ್ಬ ಹತ್ತುವಾಗ ದನಿ ಒಡೆಯಲಿಲ್ಲ, ಇಳಿಯುವಾಗ ತೊದಲಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಹೊಗೆಗೋ ರೆಪ್ಪೆ ಬಡಿಯದ್ದಕ್ಕೋ. ಟಾಕಿ ಪೂರ್ತಿ ಖಾಲಿಯಾಗುವವರೆಗೆ ಓಡಿ, ಕೊನೆಗೆ ಇಂಧನ ತೀರಿ ನಿಂತಿತು. ಇಷ್ಟು ಚೆನ್ನಾಗಿ ಓಡಿದ ಗಾಡಿಯನ್ನು ನಾನು ಮೊಬೈಲಿನಲ್ಲಿ ಕೂಡ ನೋಡಿರಲಿಲ್ಲ. ಆ ಗಾಡಿ ನನ್ನದಾಗಬಾರದಿತ್ತೇ ಅನ್ನಿಸಿತು. ಅದರ ಜೊತೆಗೆ, ನನ್ನ ಕಣ್ಣಿಗೆ ಯಾವ ಶಕ್ತಿಯೂ ಇಲ್ಲವೆಂಬ ಅವಮಾನ ಬೇರೆ.

ಇನ್ನು ಅಡಗಿ ನಿಂತು ಪ್ರಯೋಜನವಿಲ್ಲವೆಂದು ಹೊರಗೆ ಬಂದೆ. ಖಾಜಾ ಟಾಕಿ ತುಂಬಿ ಮತ್ತೆ ಚಾಲೂ ಮಾಡಿದ್ದ. ನನ್ನನ್ನು ಕಂಡ. ಮುಖ ಅರಳಿತು, ನಾನು ಸುಳ್ಳು ಹೇಳುವುದಿಲ್ಲ. ಕೈಯೆತ್ತಿದ. ಎತ್ತಿದ ಕೈಯನ್ನು ಹಾಗೆಯೇ ಜೇಬಿಗೆ ಇಳಿಸಿ ಸಣ್ಣ ಸ್ಕ್ರೂಡ್ರೈವರ್ ತೆಗೆದ, ಬಗ್ಗಿ ಸೂಜಿ ಸ್ಕ್ರೂವನ್ನು ಬಿಗಿ ಮಾಡಿದ. ನಾನು ಅವನ ಬಳಿ ಬರುವಷ್ಟರಲ್ಲಿ ಗಾಡಿಯ ಹೊಗೆ ತೆಳುವಾಗಿತ್ತು, ದನಿ ಏರಿತ್ತು. ಬಿಟ್ಟ ಬಾಣದಂತೆ ಓಡಿ ನಾಲ್ಕಾರು ಸುತ್ತು ಹಾಕಿತು. ಆಮೇಲೆ ಗಪ್ಪು.

"ಮತ್ತ ನಿಂತ್ತಲ್ಲೋ" ಎಂದು ಅವನು ಪೆಚ್ಚಾಗಿ ನಕ್ಕ.

ಇಷ್ಟು ದಿನ ನಾನು ಹತ್ತಿರ ಬರುವಷ್ಟರಲ್ಲಿ ಅವನು ಇದನ್ನು ಮಾಡಿ ಮುಗಿಸಿರುತ್ತಿದ್ದ, ಆ ದಿನ ಕಣ್ಣಿಗೆ ಬಿತ್ತು. ಸ್ಕ್ರೂ ಯಾಕೆ ತಿರುವಿದೆ, ಈಗಷ್ಟೇ ಸರಿಯಾಗಿ ಓಡುತ್ತಿತ್ತಲ್ಲ ಎಂದು ಕೇಳಿದೆ. ಅವನು ಗಾಡಿಯನ್ನು ಎತ್ತಿಕೊಂಡು ಬಂದು, ಎಂಜಿನ್ನು ಆರಲೆಂದು ಊದುತ್ತ ಊದುತ್ತ, ನನ್ನ ಕಡೆ ನೋಡದೆ ಹೇಳಿದ:

"ಜೋರ ಬರ್ಲಿ ಅಂತ. ಇಷ್ಟ ಬಿಗಿಗೆ ನಿಲ್ಲಬಾರ್ದಂತ ಪ್ಲಗ್ಗು, ನಳಿಗಿ ಎಲ್ಲಾ ಬದಲಿಸಿ ನೋಡೀನಿ. ನೀ ಯಾವಾಗ್ಲೂ ಇನ್ನೊಂದೀಟು ಜೋರ ಬರಬೇಕಿತ್ತು ಅಂತಿ. ಊರಾಗ ಮೊದ್ಲ ಗಾಡಿ ತಂದಾವ ನೀ. ಗಂಗಾವತಿಯವ್ರು ಸಾವಿರ ಅನ್ಲಿ, ನೀ ಒಮ್ಮೆರ ಛಲೋ ಅನ್ನಬೇಕಲ್ಲ."

ಇದನ್ನು ಕೇಳಿ ನಾನು ನೆಲ ನೋಡುತ್ತ ನಿಂತೆ. ನನ್ನ ಕಣ್ಣಿಗಾಗಲಿ ಅಮ್ಮನ ಮೆಣಸಿನಕಾಯಿಗಾಗಲಿ ಇದರಲ್ಲಿ ಏನೂ ಕೆಲಸವಿರಲಿಲ್ಲ. ಗಾಡಿಯನ್ನು ನಿಲ್ಲಿಸುತ್ತಿದ್ದದ್ದು ನನ್ನ ಬಾಯಿ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ನನ್ನ ಗಾಡಿಯದೂ ಇದೇ ರೋಗ. ಪಿಸ್ಟನ್ನು ಬದಲಿಸಿದ ಮೇಲೆ ಮನೆಯ ಮಾಳಿಗೆಯ ಮೇಲೆ ಅದು ಎಷ್ಟೋ ಸಲ ತಣ್ಣಗೆ ಓಡಿತ್ತು. ಹೊಲಕ್ಕೆ ತಂದೊಡನೆ, ಖಾಜಾನದಕ್ಕಿಂತ ಮುಂದೆ ಹೋಗಬೇಕೆಂದು ನಾನೂ ಅದರ ಕತ್ತು ಹಿಚುಕುತ್ತಿದ್ದೆ.

ಅವನು ಮತ್ತೆ ಚಾಲೂ ಮಾಡಿದ. ಕೈ ಮತ್ತೆ ಜೇಬಿಗೆ ಹೋಯಿತು.

"ಮುಟ್ಟಬ್ಯಾಡ" ಎಂದೆ. "ಮೊದ್ಲು ಹೆಂಗಿತ್ತೋ ಹಂಗ ಸಡ್ಲ ಮಾಡಿ ಬಿಡು."

ಅವನು ನನ್ನನ್ನೇ ನೋಡಿದ. ಸಡಿಲ ಮಾಡಿ ಬಿಟ್ಟ. ಗಾಡಿ ಹೊಗೆ ಬಿಡುತ್ತ ಹೊಲದ ಆ ತುದಿಗೆ ಹೋಗಿ ತಿರುಗಿತು. ನಾನು ಕೋಟೆಯ ಗುಡ್ಡದ ಕಡೆ ನೋಡಲಿಲ್ಲ. ಗಾಡಿಯನ್ನೇ ನೋಡಿದೆ. ನೋಡುತ್ತಲೇ ಹೇಳಿದೆ.

"ಖಾಜಾ, ನಾ ಭಟ್ಟಿ ಹಿಂದ ನಿಂತು ನೋಡೀನಿ. ನಿನ್ನ ಗಾಡಿ ಭಾಳ ಛಲೋ ಓಡತೈತಿ."

ಅವನು ಗಾಡಿಯ ಕಡೆ ಬೆನ್ನು ಮಾಡಿ, ರಿಮೋಟು ಹಿಡಿದ ಕೈಯನ್ನು ಜೋಲು ಬಿಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತ. ಅವನ ಹಿಂದೆ ಗಾಡಿ, ಹೇಳುವವರು ಕೇಳುವವರು ಇಲ್ಲದೆ, ನೇರವಾಗಿ ಜಾಲಿಯ ಪೊದೆಯೊಳಗೆ ನುಗ್ಗಿತು. ಇಬ್ಬರೂ ಓಡಿದೆವು. ಅದು ಮುಳ್ಳಿನ ನಡುವೆ ಮಗ್ಗುಲಾಗಿ ಬಿದ್ದಿತ್ತು, ಮೈಯೆಲ್ಲ ಗೀರು. ಎಂಜಿನ್ನು ಮಾತ್ರ ನಿಂತಿರಲಿಲ್ಲ. ಮುಳ್ಳಿನೊಳಗೆ ಕೈ ಹಾಕಿ ಅದನ್ನು ಎಳೆದುಕೊಳ್ಳುವಾಗಲೂ ಗುರುಗುರು ಅನ್ನುತ್ತಲೇ ಇತ್ತು.

ನಾಳೆ ಐತ್ವಾರ. ನನ್ನ ಗಾಡಿಯನ್ನು ತೆಗೆದು ಒರೆಸಿ ಇಟ್ಟಿದ್ದೇನೆ. ಸ್ಪಂಜಿಗೆ ಎಣ್ಣೆ ಹಾಕಿದ್ದೇನೆ, ಸ್ಕ್ರೂವನ್ನು ಸಡಿಲ ಬಿಟ್ಟಿದ್ದೇನೆ. ಬಿಗಿ ಮಾಡಲು ಬೆರಳು ಕಡಿಯುತ್ತಿದೆ, ತಡೆದುಕೊಂಡಿದ್ದೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಗೀರು ಬಿದ್ದ ಮೇಲೂ ಅವನ ಗಾಡಿ ನನ್ನದಕ್ಕಿಂತ ಚಂದವೇ ಕಾಣುತ್ತದೆ. ಆದರೆ ನಾಳೆ ನನ್ನದು ಹೊಲ ಸುತ್ತಿ ಬಂದು ಕಾಲ ಬಳಿ ನಿಂತಾಗ ಅವನು ಏನನ್ನುತ್ತಾನೋ ಎಂದು ಬೆಳಗಿನಿಂದ ಎದೆ ಹೊಡೆದುಕೊಳ್ಳುತ್ತಿದೆ. ಛಲೋ ಓಡತೈತಿ ಎಂದು ಒಮ್ಮೆ ಅಂದರೆ ಸಾಕು. ಅನ್ನುವ ಹೊತ್ತಿಗೆ ರಿಮೋಟನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿರಬೇಕು, ಅಷ್ಟೇ.